ನೀರಿಗೆ ಹೋದ ಟಿಂಬ ಅಜ್ಜ

ದೀಪ ಸ್ವಲ್ಪ ಸಣ್ಣದು ಮಾಡಿ. ನಂಬಲೇಬೇಕೆಂದು ಒತ್ತಾಯವಿಲ್ಲ... ಆದದ್ದನ್ನು ಆದ ಹಾಗೆ ಹೇಳುತ್ತೇನೆ, ಅಷ್ಟೆ.

ನಬ್ಬೋಸ ನನ್ನ ಅಕ್ಕನ ಮಗಳು. ಮಸಾಕ ರಸ್ತೆಯಲ್ಲಿ ಫೋನ್ ಚಾರ್ಜ್ ಮಾಡಿಕೊಡುವ ಪುಟ್ಟ ಅಂಗಡಿ ಅವಳದು. ಆ ರಾತ್ರಿ ಅಂಗಡಿ ಮುಚ್ಚಿ ಒಬ್ಬಳೇ ಬರುತ್ತಿದ್ದಳು. ಕರೆಂಟ್ ಇರಲಿಲ್ಲ. ದಾರಿಯಲ್ಲಿ ಮುತುಬ ಮರ, ಅದರ ಕೆಳಗೆ ನಮ್ಮ ಕೇರಿಯ ಕೈಪಂಪು. ಅಲ್ಲಿಗೆ ಬಂದಾಗ ಕೇಳಿಸಿತು...

ಕಿರ್ರ್... ಧಡ್. ಕಿರ್ರ್... ಧಡ್.

ಯಾರೋ ನೀರು ಹೊಡೆಯುತ್ತಿದ್ದರು.

ಅವಳು ನಿಂತಳು. ಸದ್ದೂ ನಿಂತಿತು. ನೀರಿನ ಕ್ಯಾನಿನ ಬಾಯಿಗೆ ಏನನ್ನೋ ಒತ್ತಿ ತುರುಕಿದ ಹಾಗೆ, ಕುಚ್... ಆಮೇಲೆ ಒಂದು ಹೆಜ್ಜೆ, ಒಂದು ಎಳೆತ. ಟಪ್... ಸರ್ರ್. ಟಪ್... ಸರ್ರ್.

ಫೋನಿನ ಬೆಳಕು ಬಿಟ್ಟಳು. ಯಾರೂ ಇಲ್ಲ. ಪಂಪಿನ ಹಿಡಿಗೆ ಸರಪಳಿ ಸುತ್ತಿತ್ತು, ಬೀಗ ಬಿದ್ದಿತ್ತು. ಕತ್ತಲಾದೊಡನೆ ನೀರಿನ ಸಮಿತಿಯವರು ಹಾಕುವ ಬೀಗ ಅದು.

ತನ್ನ ಮನೆಗೆ ಹೋಗಲಿಲ್ಲ. ನೇರ ನನ್ನ ಬಾಗಿಲಿಗೆ ಬಂದಳು.

“ಮಾವ... ಅವನು ನಮ್ಮೂರಿಗೂ ಬಂದ.”

“ಯಾರೇ?”

“ಟಿಂಬ ಅಜ್ಜ.”

ಟಿಂಬ ಅಜ್ಜ ಎಂಬ ಮನುಷ್ಯ ಇಲ್ಲ. ಅದನ್ನು ಮೊದಲು ಹೇಳಬೇಕು.

ನಬ್ಬೋಸ ಮತ್ತು ಅಲ್ಲಲ್ಲಿನ ಒಂದಷ್ಟು ಜನ ಫೋನಿನಲ್ಲಿ ಒಂದು ಊರು ಕಟ್ಟಿಕೊಂಡಿದ್ದರು. ಇಲ್ಲದ ಊರು. ಅದರಲ್ಲಿ ಒಬ್ಬರು ಮೇಷ್ಟ್ರು, ಒಬ್ಬರು ಕಳ್ಳ, ಒಬ್ಬರು ಸೂಲಗಿತ್ತಿ. ತನ್ನ ಪಾತ್ರ ಏನು ಆಡಿತು, ಏನು ಮಾಡಿತು ಎಂದು ಒಬ್ಬರು ಬರೆದರೆ ಇನ್ನೊಬ್ಬರು ಅದಕ್ಕೆ ಉತ್ತರ ಬರೆಯಬೇಕು. ಇನ್ನೊಬ್ಬರ ಪಾತ್ರವನ್ನು ಯಾರೂ ಮುಟ್ಟುವಂತಿಲ್ಲ. ಇದ್ದ ನಿಯಮ ಇದೊಂದೇ. ಗುಂಪು ಶುರುಮಾಡಿದವಳು ನಬ್ಬೋಸ. ಗಂಡ ತೀರಿಕೊಂಡ ಮೇಲೆ ಅವಳು ನಕ್ಕಿದ್ದು ಆ ಊರಿನಲ್ಲಿ ಮಾತ್ರ.

ಟಿಂಬ ಅಜ್ಜನನ್ನು ಬರೆಯುತ್ತಿದ್ದವನು ಸೊರೋಟಿ ಕಡೆಯ ಒಪೊಲೊಟ್. ಅವನ ಮುಖ ಯಾರೂ ಕಂಡವರಲ್ಲ. ಅವನು ಬರೆದ ಅಜ್ಜ ಒಂದು ಕಾಲೆಳೆಯುತ್ತ ಊರಿಗೆಲ್ಲ ನೀರು ಹೊರುವವನು. ಹಳದಿ ಕ್ಯಾನಿಗೆ ಮುಚ್ಚಳವಿಲ್ಲ, ಮರಗೆಣಸಿನ ತುಂಡೇ ಬೂಚು. ನಮ್ಮ ಕಡೆ ಬಾಳೆಕಾಯಿ ತುರುಕುತ್ತೇವೆ. ಗುಂಪಿನವರಿಗೆ ಅದೇ ತಮಾಷೆ.

“ಬಾಳೆ ಸೀಮೆಗೆ ಗೆಣಸು ಹೊತ್ಕೊಂಡು ಬಂದ್ಯಾ ಅಜ್ಜ?”

“ನಿಮ್ಮ ಬಾಳೆಕಾಯಿ ನಾಳೆಗೇ ಕೊಳೆಯುತ್ತೆ ಕಣ್ರೋ. ನನ್ನ ಗೆಣಸು ಈ ಹುಡುಗಿ ಮದುವೆ ತನಕ ಇರುತ್ತೆ.”

ಆ ಹುಡುಗಿ ನಬ್ಬೋಸಳ ಪಾತ್ರ. ಅವಳ ಮದುವೆಯೂ ಬಂತು. ಅಂಗಳದ ತುಂಬ ಜನ. ಮುಂದಿನ ಮಾತು ಟಿಂಬ ಅಜ್ಜನದು.

ಒಪೊಲೊಟ್ ಬರೆಯಲಿಲ್ಲ.

ಎಲ್ಲರೂ ಕಾದರು. ವಾರಗಳಾದವು. ನೆಂಟರು ನಿಂತಲ್ಲೇ ನಿಂತಿದ್ದರು. ಇಂಥ ಗುಂಪುಗಳು ಜಗಳದಿಂದ ಸಾಯುವುದು ಕಡಿಮೆ. ದಿನಾ ನೋಡುತ್ತಿದ್ದವನು ಎರಡು ದಿನಕ್ಕೊಮ್ಮೆ ನೋಡುತ್ತಾನೆ, ಆಮೇಲೆ ಮರೆಯುತ್ತಾನೆ. ನಬ್ಬೋಸಳಿಗೆ ಆ ಭಯ ಹಿಡಿಯಿತು. ಊರು ಉಳಿಯಲಿ ಎಂದು ಒಂದೇ ಒಂದು ಸಾಲು ಬರೆದಳು: “ಟಿಂಬ ಅಜ್ಜ ಕ್ಯಾನು ಎತ್ತಿಕೊಂಡು ನೀರಿಗೆ ಹೋದ.”

ಮದುವೆ ಮುಂದೆ ಸಾಗಿತು. ಅವನನ್ನು ಯಾರೂ ವಾಪಸ್ಸು ಕರೆತರಲಿಲ್ಲ.

ಆಮೇಲೆ ದೂರದ ಗುಲು ಊರಿನಿಂದ ಅಚಾನ್ ಫೋನ್ ಮಾಡಿದಳು. ಗುಂಪಿನ ಸೂಲಗಿತ್ತಿ ಅವಳೇ.

“ತಮಾಷೆ ಸಾಕು ನಬ್ಬೋಸ. ನನ್ನ ಮನೆ ಎಲ್ಲಿದೆ ಅಂತ ಯಾರಿಗೆ ಹೇಳಿದೆ?”

“ಯಾಕೆ? ಏನಾಯ್ತು?”

“ರಾತ್ರಿ ಬಾಗಿಲ ಹೊರಗೆ ಯಾರೋ ಕಾಲೆಳ್ಕೊಂಡು ಬರ್ತಾರೆ. ಕ್ಯಾನು ಕೆಳಗಿಡ್ತಾರೆ. ಸ್ವಲ್ಪ ಹೊತ್ತು ನಿಂತು... ಮತ್ತೆ ಎತ್ಕೊಂಡು ಹೋಗ್ತಾರೆ.”

“ನಾನ್ಯಾಕೆ ಅಂಥದ್ದು ಮಾಡಿಸ್ಲಿ?”

“ಅವನನ್ನ ನಡೆಸಿದವಳು ನೀನು ತಾನೆ?”

ಅಚಾನ್ ಗುಂಪು ಬಿಟ್ಟಳು. ಹಿಂದೆಯೇ ಉಳಿದವರೂ ಬಿಟ್ಟರು. ಒಬ್ಬ ಪರೀಕ್ಷೆ ಎಂದ. ಒಬ್ಬಳು ಹೊಸ ಕೆಲಸ ಎಂದಳು. ಇನ್ನೊಬ್ಬನಿಗೆ ಡೇಟಾ ದುಬಾರಿ. ಎಲ್ಲವೂ ನಂಬುವಂಥ ಕಾರಣಗಳೇ. ಆದರೆ ಹೋಗುವ ಮುಂಚೆ ಪ್ರತಿಯೊಬ್ಬರೂ ಅವಳೊಬ್ಬಳಿಗೇ ಕಾಣುವಂತೆ ಒಂದು ಪ್ರಶ್ನೆ ಕಳಿಸಿದ್ದರು.

“ಒಪೊಲೊಟ್ ನೀನೇನಾ?”

ಆ ರಾತ್ರಿ ನಾನೂ ಅದನ್ನೇ ಕೇಳಿದೆ.

“ನೀನೂನಾ ಮಾವ?” ಎಂದಳು. ಒಪೊಲೊಟ್‌ನ ನಂಬರಿಗೆ ಕರೆ ಮಾಡಿ ಫೋನನ್ನು ನನ್ನ ಕಿವಿಗೆ ಹಿಡಿದಳು. ಕರೆ ಸಿಗುತ್ತಿಲ್ಲ ಎಂದು ಒಂದು ಹೆಣ್ಣುದನಿ ಹೇಳಿತು.

“ಅಜ್ಜ ಬಂದ ಅಂತ ಬರೆದುಬಿಡು. ಮುಗೀತು,” ಎಂದೆ.

“ಆಗಲ್ಲ. ಒಂದು ಸಲ ನಡೆಸಿದ್ದಕ್ಕೇ ಇಷ್ಟಾಯ್ತು.”

“ಹಾಗಾದ್ರೆ ಗುಂಪು ಮುಚ್ಚು.”

“ಮುಚ್ಚಿದ್ರೆ... ಅವನು ಎಲ್ಲಿಗೆ ವಾಪಸ್ ಬರ್ಬೇಕು ಮಾವ?”

ಅವಳು ಫೋನಿನಲ್ಲಿ ಬರೆದು, ನನಗೆ ತೋರಿಸಿದಳು. ಅಜ್ಜನ ಬಗ್ಗೆ ಒಂದಕ್ಷರವಿಲ್ಲ. ತನ್ನ ಪಾತ್ರದ್ದು ಮಾತ್ರ. “ಮದುಮಗಳು ಬಾಗಿಲಿಗೆ ಬಂದಳು. ನೀರಿಗೆ ಹೋದವರಿಗಾಗಿ ಕಾಯುತ್ತ ನಿಂತಳು.”

ಕಳಿಸಿದಳು. ಉತ್ತರ ಬರಲಿಲ್ಲ. ಬರೆಯಲು ಯಾರೂ ಉಳಿದಿರಲಿಲ್ಲ.

ಅವಳು ಒಳಕೋಣೆಯಲ್ಲಿ ಮಲಗಿದಳು. ನಾನು ಬಾಗಿಲಿಗೆ ಅಗುಳಿ ಹಾಕಿ, ಅದಕ್ಕೇ ಬೆನ್ನು ಕೊಟ್ಟು ಕೂತೆ. ಕಾವಲಿಗಲ್ಲ... ಇವಳೇ ಎದ್ದು ಏನಾದರೂ ಮಾಡುತ್ತಾಳೋ ನೋಡೋಣ ಎಂದು. ನಮ್ಮ ಮನೆಗೆ ಇರುವುದು ಅದೊಂದೇ ಬಾಗಿಲು. ಕಿಟಕಿಗಳಿಗೆಲ್ಲ ಕಬ್ಬಿಣದ ಸರಳು.

ಬೆಳಗಾಗುವ ಮುಂಚೆ ಕೇಳಿಸಿತು. ಮೊದಲು ದೂರದಲ್ಲಿ. ಟಪ್... ಸರ್ರ್. ಆಮೇಲೆ ಅಂಗಳದಲ್ಲಿ. ಆಮೇಲೆ ನನ್ನ ಬೆನ್ನ ಹಿಂದೆ, ಹಲಗೆಯ ಆಚೆ. ಧೊಪ್ ಎಂದು ಭಾರದ್ದೇನನ್ನೋ ಇಟ್ಟರು. ಒಳಗಿನಿಂದ ನಬ್ಬೋಸ ಪಿಸುಗುಟ್ಟಿದಳು:

“ತೆಗಿ ಮಾವ.”

ತೆಗೆಯಲಿಲ್ಲ. ನನ್ನಿಂದ ಆಗಲಿಲ್ಲ.

ಟಪ್... ಸರ್ರ್... ದೂರವಾಯಿತು. ಈ ಸಲ ಇಟ್ಟದ್ದನ್ನು ಎತ್ತಿದ ಸದ್ದು ಬರಲಿಲ್ಲ.

ಬಿಸಿಲು ಬಿದ್ದ ಮೇಲೆ ಬಾಗಿಲು ತೆಗೆದೆವು. ಹಳದಿ ಕ್ಯಾನು. ತುಂಬಿತ್ತು. ಕೇರಿಯಲ್ಲಿ ಯಾರೂ ತಮ್ಮದು ಎನ್ನಲಿಲ್ಲ. ಪಂಪಿನ ಬೀಗ ಹಾಕಿದ ಹಾಗೇ ಇತ್ತು, ಕೆಳಗಿನ ಕಲ್ಲು ಒಣಗಿತ್ತು.

ಅಚಾನ್ ಗುಂಪಿಗೆ ಮರಳಲಿಲ್ಲ. ಯಾರೂ ಮರಳಲಿಲ್ಲ. ಸದ್ದೂ ಮತ್ತೆ ಬರಲಿಲ್ಲವಂತೆ, ಎಲ್ಲಿಯೂ. ನಬ್ಬೋಸ ಇವತ್ತಿಗೂ ಆ ಗುಂಪು ಮುಚ್ಚಿಲ್ಲ.

ಯಾರೋ ಕಿಡಿಗೇಡಿ ಎನ್ನುತ್ತೀರಿ. ಅನ್ನಿ. ಅವಳು ಹೊರಗೆ ಹೋಗಲಿಲ್ಲ, ಬಾಗಿಲಲ್ಲಿ ಇದ್ದವನು ನಾನು. ಕ್ಯಾನಿನ ಬೂಚನ್ನು ಕಿತ್ತವನೂ ನಾನೇ. ಮರಗೆಣಸಿನ ತುಂಡು. ಆಗಷ್ಟೇ ಸುಲಿದದ್ದು.