ಮೇಲಿನ ಷಡ್ಜ ಯಾರದು

ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಮಧ್ಯಾಹ್ನದ ರೈಲು ತಡವಾಗಿತ್ತು. ನನ್ನ ಬೆಂಚಿನ ಇನ್ನೊಂದು ತುದಿಯಲ್ಲಿ ವಯಸ್ಸಾದ ಸಂಗೀತದ ಮೇಷ್ಟ್ರು ಮತ್ತು ತಂಬೂರಿ ಹಿಡಿದ ಅವರ ಶಿಷ್ಯೆ ಕುಳಿತಿದ್ದರು.

‘ನಿನ್ನೆ ರೇಡಿಯೋದಲ್ಲಿ ನನ್ನ ಕಛೇರಿ ಕೇಳಿದ್ಯಾ ಅನುಸೂಯ?’

‘ಕೇಳ್ದೆ ಮೇಷ್ಟ್ರೇ.’

‘ಅರವತ್ತೆಂಟಕ್ಕೂ ಇಂಥಾ ದನಿಯಾ ಅಂತ ಹೊಳಲ್ಕೆರೆಯಿಂದ ಫೋನ್ ಮಾಡಿದ್ರು.’

‘ಅದ್ರಾಗೆ ಮೇಲಿನ ಷಡ್ಜ ಮುಟ್ಟಿದ ದನಿ ನಂದು ಮೇಷ್ಟ್ರೇ.’

‘ಹಿಂದೆ ಕುಂತ ಶಿಷ್ಯರು ದನಿ ಕೂಡಿಸೋದು ಪದ್ಧತಿ ಕಣಮ್ಮ.’

‘ಕೂಡಿಸೋದು ಪದ್ಧತಿ. ನೀವು ಅಲ್ಲಿ ಬರೀ ಬಾಯಿ ತೆಗೀತೀರಿ.’

ಮೇಷ್ಟ್ರು ಅವಳ ಹತ್ತಿರಕ್ಕೆ ಸರಿದು ಕುಳಿತರು.

‘ಸೋಮವಾರ ರೇಡಿಯೋದೋರು ನಿನ್ನ ಆಡಿಷನ್ ಮಾಡ್ತಾರಲ್ಲ, ಅಲ್ಲಿ ಹೆಸರು ನೋಡಲ್ಲ. ಟೇಪ್ ಹಾಕಿ ದನಿ ಮಾತ್ರ ಕೇಳ್ತಾರೆ. ನನ್ನ ಕಛೇರಿ ಕೇಳಿದೋರೇ ಅಲ್ಲಿ ಕುಂತಿರ್ತಾರೆ. ಆ ಷಡ್ಜ ನಿಂದೇ ಅಂತ ಗುರುತು ಹಿಡೀತಾರೆ.’

‘ಹಿಡೀಲಿ ಬಿಡ್ರಿ.’

‘ಹಿಡಿದ್ರೆ ನನ್ನನ್ನ ಮತ್ತೆ ಕರೆಯಲ್ಲ. ಮೇಲಕ್ಕೆ ಹೋದಾಗ ಸ್ವಲ್ಪ ದನಿ ಒಡೆದಂಗೆ ಹಾಡು. ಫೇಲಾದ್ರೆ ಮುಂದಿನ ವರ್ಷ ಐತಲ್ಲ, ನಿಂಗಿನ್ನೂ ವಯಸ್ಸೈತೆ.’

‘ಹೋದ ವರ್ಷ ನಾನು ಯಾಕೆ ಫೇಲಾದೆ ಅನ್ಕಂಡಿದ್ರಿ?’

ಮೇಷ್ಟ್ರು ಅವಳತ್ತ ತಿರುಗಿದರು.

‘ಆಗ ನಾನೇನೂ ಹೇಳಿರಲಿಲ್ಲವಲ್ಲಮ್ಮ.’

‘ನೀವು ಹೇಳಿರಲಿಲ್ಲ. ನಾನೇ ಬೇಕಂತ ದನಿ ಒಡೆದು ಹಾಡ್ದೆ. ಈ ಸಲ ಆಗಲ್ಲ ಮೇಷ್ಟ್ರೇ.’

ರೈಲು ಬಂತು. ಮೇಷ್ಟ್ರು ಏಳಲಿಲ್ಲ. ಆಕೆ ಅವರ ಮೊಣಕೈ ಹಿಡಿದು ಎಬ್ಬಿಸಿದಳು.

‘ಹೋಗಾಣ ಬರ್ರಿ. ಇಲ್ಲಿ ಜಾಸ್ತಿ ಹೊತ್ತು ನಿಲ್ಲಲ್ಲ.’