ಗಂಡನ ತಟ್ಟೆ

ಮಂಡ್ಯದ ಆಸ್ಪತ್ರೆಯಲ್ಲಿ ಮಾತ್ರೆ ಕೊಡುವ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತಿದ್ದ ನಿಡಘಟ್ಟದ ಮಾದಯ್ಯನಿಗೆ, ತನ್ನ ಮುಂದಿದ್ದ ಅತ್ತೆ ಸೊಸೆಯ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಸೊಸೆಯ ಕೈಯಲ್ಲಿ ಎರಡು ಚೀಟಿಗಳಿದ್ದವು.

“ಹಳೇ ಬ್ಯಾಟ್ರಿ ಒಡ್ಯೋನು ನನ್ ಮಗ. ಅವನ್ ರಕ್ತದಲ್ಲಿ ಸೀಸ ಐತೆ ಅಂದ್ರೆ ಸರಿ. ಸೆಡ್ಡಿನ ಬಾಗ್ಲನ್ನೇ ನೋಡ್ದಿರೋ ನಿಂಗೆಲ್ಲಿಂದ ಬಂತಮ್ಮಿ?”

“ಅವ್ರು ಕೈ ತೊಳೀದೆ ಉಣ್ತರೆ ಕಣತ್ತೆ. ಅದೇ ತಟ್ಟೇಲಿ ಆಮೇಲೆ ನಾನು ಉಣ್ತೀನಲ್ಲ, ಅದ್ರಿಂದ್ಲೇ ಅಂದ್ರು ಡಾಕ್ಟ್ರು.”

“ಗಂಡ ಉಂಡ ತಟ್ಟೇಲಿ ನಾನು ನಲವತ್ತೊರ್ಸ ಉಂಡಿವ್ನಿ. ನಾನೇನ್ ಸತ್ತೋದ್ನಾ?”

“ಮಾವ ಕಬ್ಬು ಕಡೀತಿದ್ರು. ಬ್ಯಾಟ್ರಿ ಒಡೀತಿರ್ನಿಲ್ಲ.”

“ಬಾಯ್ ಮುಚ್ಚು.”

ಕಿಟಕಿಯವನು ಎರಡು ಪೊಟ್ಟಣ ಮುಂದಿಟ್ಟ. “ಆಂಟಿಆಕ್ಸಿಡೆಂಟ್ ಮಾತ್ರೆ ಕಣಮ್ಮ, ಸೀಸದಿಂದ ಮೈಗಾಗೋ ಹಾನಿ ತಗ್ಗಿಸ್ತವೆ. ಗಂಡನಿಗೊಂದು, ಹೆಂಡತಿಗೊಂದು.”

ಅತ್ತೆ ಎರಡನ್ನೂ ಸೆರಗಿಗೆ ಗಂಟು ಹಾಕಿಕೊಂಡಳು.

“ಎಲ್ಡೂ ಅವನ್ಗೇ. ದುಡ್ಯೋನು ಅವನು.”

“ನಂಗತ್ತೆ?”

ಅತ್ತೆ ಆಗಲೇ ಬಾಗಿಲ ಕಡೆ ತಿರುಗಿದ್ದಳು.

“ಅವನ್ ತಟ್ಟೇಲಿ ಉಣ್ತೀಯಲ್ಲ, ಸೀಸ ಬಂದ ದಾರೀಲೇ ಔಸ್ದಿನೂ ಬತ್ತದೆ, ನಡಿ.”