ಬಳಸು ದಾರಿಯ ಮೈಲ್ಸ್

ಕಿವಿ ನೋವೆಂದು ಡಾಕ್ಟರ ಹತ್ತಿರ ಹೋಗಿದ್ದೆ. ನೋವಿದ್ದರೂ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ಪಕ್ಕದಲ್ಲಿ ವಯಸ್ಸಾದ ಗಂಡ ಹೆಂಡತಿ ಕೂತಿದ್ದರು. ಯಜಮಾನರ ಕಣ್ಣು ಫೋನಿನ ಮೇಲಿತ್ತು.

"ಅಂತೂ ವಿಮಾನದಲ್ಲಿ ಓಡಾಡಿ ಕೂಡಿಸಿದ ಏರ್‌ಲೈನ್ ಮೈಲ್ಸ್ ಸಾಕಾಗೋಷ್ಟು ಆಯ್ತು ಕಣೇ. ಇಬ್ಬರಿಗೂ ಪುಕ್ಕಟೆ ಟಿಕೆಟ್ ಬರುತ್ತೆ. ಇಡೀ ಭೂಮಿ ಒಂದು ಸುತ್ತು!"

ಆಕೆ ಡಾಕ್ಟರ ಬಾಗಿಲ ಕಡೆಯೇ ನೋಡುತ್ತಿದ್ದರು.

"ನಿನಗೇ ಹೇಳ್ತಿರೋದು."

"ಆ ಕಡೆ ಕೂತ್ರೆ ಕೇಳಿಸಲ್ಲ ಅಂತ ಎಷ್ಟು ಸಲ ಹೇಳೋದು? ಏನಂದ್ರಿ?"

ಅವರು ಎಲ್ಲವನ್ನೂ ಮತ್ತೆ ಹೇಳಿದರು, ಜೋರಾಗಿ.

"ಈ ಕಿವಿ ಇಟ್ಕೊಂಡು ವಿಮಾನ ಹತ್ತಲೇಬೇಡಿ ಅಂತ ಡಾಕ್ಟ್ರು ಹೋದ ಸಲಾನೇ ಹೇಳಿದ್ರಲ್ಲ."

"ಇನ್ನೊಂದ್ಸಲ ಕೇಳೋಣ. ಇದಕ್ಕೆ ಎಷ್ಟು ಒದ್ದಾಡಿದ್ದೀನಿ! ಕಂಪನಿ ಕಳಿಸಿದ ಊರಲ್ಲಿ ಮೆಷಿನ್ ರಿಪೇರಿ ಮುಗಿದ್ಮೇಲೆ ನೇರ ವಿಮಾನ ಬಿಟ್ಟು, ಬೇಕಂತ್ಲೇ ಎರಡು ಊರು ಬಳಸ್ಕೊಂಡು ಬರ್ತಿದ್ದೆ. ಮೈಲ್ಸ್ ಜಾಸ್ತಿ ಸಿಗಲಿ ಅಂತ."

"ಬೇಕಂತ್ಲೇನಾ?"

"ನಿನ್ನ ಜೊತೆ ಸುತ್ತೋಣ ಅಂತಾನೇ ಕಣೇ."

"ನೇರ ವಿಮಾನ ಇಲ್ಲ ಅಂತಿದ್ರಿ. ನಾನು ನಂಬ್ಕೊಂಡು, ಊಟ ಮುಚ್ಚಿಟ್ಟು ದಾರಿ ನೋಡ್ತಿದ್ದೆ."

ಯಜಮಾನರು ಫೋನನ್ನು ಜೇಬಿಗೆ ಹಾಕಿದರು. ಹೆಂಡತಿಯ ಕಿವಿಯತ್ತ ನೋಡಿದರು.

"ಈ ಕಿವಿ ಯಾವಾಗಿಂದ ಹೀಗೆ?"

"ಆಗಿನಿಂದಾನೇ. ಹೇಳೋಣ ಅಂದ್ರೆ ನೀವು ಮನೇಲಿ ಇರ್ತಿದ್ರಾ?"

ನರ್ಸ್ ಆಕೆಯ ಹೆಸರು ಕರೆದರು. ಆಕೆಗೆ ಕೇಳಿಸಲಿಲ್ಲ. ಯಜಮಾನರು ಎದ್ದು, ಹೆಂಡತಿಯನ್ನು ಬಳಸಿಕೊಂಡು ಬಂದು, ಕೇಳುವ ಕಿವಿಯ ಪಕ್ಕ ಬಗ್ಗಿದರು.

"ಬಾ, ಹೋಗೋಣ."

"ಎಲ್ಲಿಗೆ?"

"ಒಳಗೆ ಕಣೇ. ಅಷ್ಟೇ."

ಆಕೆ ಅವರ ತೋಳು ಹಿಡಿದುಕೊಂಡು ಎದ್ದರು.